ಹಾಡು ಬೇಕು, ಹಾಡಿದವರು ಬೇಡ

ಹೋದ ತಿಂಗಳು ನಾನು ಒಬ್ಬ ಹೆಣ್ಣುಮಗಳ ದನಿ ಅಳಿಸಿದೆ. ನಾಲ್ಕೇ ನಿಮಿಷ ಹಿಡಿಯಿತು. ಅಷ್ಟರಲ್ಲಿ ಒಂದು ಕಪ್ ಚಹಾ ಕೂಡ ಮುಗಿಸಿದ್ದೆ.

ಹೇಗೆ ಅಂತೀರಾ? ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಆಡಿಯೋ ಸಾಫ್ಟ್‌ವೇರ್ ಇದೆ. ಹಾಡನ್ನು ಅದರೊಳಗೆ ಹಾಕಿ ಬಟನ್ ಒತ್ತಿದರೆ ಹಾಡಿದವರ ದನಿ ಬೇರೆ, ವಾದ್ಯ ಬೇರೆ ಆಗುತ್ತದೆ. ದನಿ ಡಿಲೀಟ್ ಮಾಡಿ. ಉಳಿದದ್ದು ಟ್ರ್ಯಾಕ್. ಅದರ ಮೇಲೆ ಯಾರು ಬೇಕಾದರೂ ಹಾಡಬಹುದು.

ಜೇವರ್ಗಿಯಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಈ ವಿದ್ಯೆ ಬರುತ್ತದೆ ಅಂತ ಗೊತ್ತಾದದ್ದೇ ತಡ, ಆಳಂದದಿಂದ ಯಡ್ರಾಮಿವರೆಗೆ ಫೋನು ಶುರುವಾಯಿತು. ಸ್ಕೂಲ್ ಡೇಗೆ ಬೇಕು, ಬಸುರಿಯ ಕುಬಸಕ್ಕೆ ಬೇಕು, ಬೀಳ್ಕೊಡುಗೆಗೆ ಬೇಕು. ಕೇಳಿದವರಿಗೆಲ್ಲ ಮಾಡಿಕೊಟ್ಟೆ. (ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ ಹೇಳಿ?)

ಹೀಗಿರುವಾಗ ಅಫಜಲಪುರದ ಒಂದು ಖಾಸಗಿ ಶಾಲೆಯ ಮಾಸ್ತರರು ಫೋನ್ ಮಾಡಿದರು.

"ಮೇಡಮ್, ಒಂದು ಹಾಡು ಕಳಿಸೇನ್ರಿ. ಹೆಣ್ಮಕ್ಕಳು ಸಾಲಿಗಿ ಹೋಗೂದರ ಮ್ಯಾಲ ಅದ. ದನಿ ತೆಗೆದು ಬರೀ ಮ್ಯೂಸಿಕ್ ಕೊಡ್ರಿ."

"ಯಾರ್ ಹಾಡ್ಯಾರ್ರಿ ಇದನ್ನ?"

"ಯಾರೋ ಹಳ್ಳಿ ಹೆಣ್ಮಗಳ್ರಿ."

ಅಷ್ಟಕ್ಕೇ ಸುಮ್ಮನಾದೆ. ಹಾಡಿನಲ್ಲಿ ಹಾರ್ಮೋನಿಯಂ, ಢೋಲಕ್, ಮತ್ತೆ ಬಿಸಿಲಿನಲ್ಲಿ ಒಣಗಿದಂಥ ಒಂದು ಗಟ್ಟಿ ದನಿ. ಸಾಫ್ಟ್‌ವೇರ್ ಆ ನಾಲ್ಕು ನಿಮಿಷದಲ್ಲಿ ದನಿಯನ್ನೇನೋ ತೆಗೆಯಿತು. ಆದರೆ ಸಾಲು ಮುಗಿದಾಗ ಆಕೆ ಎಳೆದುಕೊಂಡ ಉಸಿರು ಅಲ್ಲಲ್ಲಿ ಉಳಿದುಬಿಟ್ಟಿತ್ತು. ಕೆಲಸ ಕ್ಲೀನ್ ಆಗಿರಬೇಕಲ್ಲ? ಅರ್ಧ ಗಂಟೆ ಕೂತು ಆ ಉಸಿರುಗಳನ್ನೂ ಒಂದೊಂದಾಗಿ ಹುಡುಕಿ ಕತ್ತರಿಸಿದೆ.

ವಾರ್ಷಿಕೋತ್ಸವಕ್ಕೆ ನನ್ನನ್ನೂ ಕರೆದರು. ಸನ್ಮಾನವಂತೆ. ಮುಂದಿನ ಸಾಲಿನಲ್ಲಿ ಕೂತೆ. ಶಾಲೆಯ ಅಧ್ಯಕ್ಷರು ಎಲ್ಲರೂ ಸಮಾನರು ಅಂತ ಉದ್ದದ ಭಾಷಣ ಮಾಡಿದರು. ಆಮೇಲೆ ಅವರ ಸೊಸೆ ಮೈಕ್ ಹಿಡಿದು ನಿಂತರು. ನಿರೂಪಕಿ ಅವರ ಹೆಸರು ಹೇಳಿ "ರಚನೆ ಮತ್ತು ಗಾಯನ" ಎಂದಳು. ನನ್ನ ಟ್ರ್ಯಾಕ್ ಶುರುವಾಯಿತು.

ಹಿಂದಿನ ಕುರ್ಚಿಯಿಂದ ಯಾರೋ ನನ್ನ ಭುಜ ಮುಟ್ಟಿದರು. ಐವತ್ತರ ಆಸುಪಾಸಿನ ಹೆಂಗಸು.

"ಅಕ್ಕೋರ, ಢೋಲಕ್ ಎಲ್ಲಿಂದ ಬರಾಕತ್ತದ್ರಿ? ಬಾರ್ಸವ್ರು ಯಾರೂ ಕಾಣವಲ್ರಲ್ಲ."

"ಅದು ಟ್ರ್ಯಾಕ್ ರೀ. ನಾನ ಮಾಡಿಕೊಟ್ಟೇನಿ," ಎಂದೆ. ಹೌದು, ಹೆಮ್ಮೆಯಿಂದಲೇ ಅಂದೆ.

ಆಕೆ ನನ್ನ ಮುಖವನ್ನೇ ನೋಡಿದರು. "ಹಂಗಾರ ನನ್ನ ದನಿ ಎಲ್ಲಿ ಇಟ್ಟೀರಿ?"

ಅವರು ಶಾಂತವ್ವ. ಚೌಡಾಪುರದ ಹತ್ತಿರದ ಹಳ್ಳಿಯವರು. ಹೊಲದ ಕೂಲಿಗೆ ಹೋಗುತ್ತಾರೆ. ಮಗಳನ್ನು ಶಾಲೆಗೆ ಹಾಕಿದ ವರ್ಷ ಈ ಹಾಡು ಕಟ್ಟಿದ್ದರು. ಕಲಬುರಗಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಹಾಡಿಸಿದ್ದು ಅವರ ತಮ್ಮ. ಢೋಲಕ್ ಅವನದೇ. ಈ ಕಾರ್ಯಕ್ರಮಕ್ಕೆ ಮೊದಲು ಶಾಂತವ್ವನವರನ್ನೇ ಕರೆದಿದ್ದರಂತೆ. ಆಮೇಲೆ ಮಾಸ್ತರರು ಫೋನ್ ಮಾಡಿ "ನೀವು ಬರೂದು ಬ್ಯಾಡ್ರಿ, ಟ್ರ್ಯಾಕ್ ಸಿಕ್ಕದ" ಎಂದರಂತೆ.

"ನಾ ಇಲ್ಲದ ನನ್ನ ಹಾಡು ಹ್ಯಾಂಗ ಹಾಡ್ತಾರ ಅಂತ ನೋಡಾಕ ಬಂದೇನ್ರಿ," ಎಂದರು.

ನನಗೆ ಕೂರಲಾಗಲಿಲ್ಲ. ಎದ್ದು ಹೋಗಿ ಮಾಸ್ತರರನ್ನು ವೇದಿಕೆಯ ಪಕ್ಕಕ್ಕೆ ಕರೆದು ಕೇಳಿದೆ: "ಹಾಡಾಕ ಅವರನ್ನ ಯಾಕ್ರಿ ಬ್ಯಾಡಂದ್ರಿ?"

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ದೊಡ್ಡ ಮಂದಿ ಬಂದಾರಲ್ರಿ ಮೇಡಮ್. ಆಕಿಗಿ ಸ್ಟೇಜ್ ಸೂಟ್ ಆಗಂಗಿಲ್ಲ. ಮತ್ತ ಅವರ ಓಣಿ ಯಾವುದು ಅಂತ... ನಿಮಗ ತಿಳೀತದಲ್ರಿ."

ತಿಳಿಯಿತು. ಚೆನ್ನಾಗಿಯೇ ತಿಳಿಯಿತು.

ಮಾಸ್ತರರ ಮೇಲೆ ಅರ್ಧ ಸಿಟ್ಟು. ಉಳಿದ ಅರ್ಧ ನನ್ನ ಮೇಲೆ. ಸಾಫ್ಟ್‌ವೇರಿಗೆ ಓಣಿ ಗೊತ್ತಿಲ್ಲ, ಕೇರಿ ಗೊತ್ತಿಲ್ಲ. ಗೊತ್ತಿದ್ದವರು ನನ್ನ ಕೈಯಿಂದ ಕೆಲಸ ಮಾಡಿಸಿಕೊಂಡರು. ನಾನೋ, ಒಬ್ಬ ಹೆಣ್ಣುಮಗಳ ಉಸಿರನ್ನು ಕತ್ತರಿಸುವಾಗಲೂ "ಯಾರಿವರು?" ಅಂತ ಎರಡನೇ ಸಲ ಕೇಳಲಿಲ್ಲ. ಓದಿದವಳಂತೆ ನಾನು. ಮಕ್ಕಳಿಗೆ ಪಾಠ ಹೇಳುವವಳಂತೆ.

ಸನ್ಮಾನಕ್ಕೆ ನನ್ನ ಹೆಸರು ಕರೆದರು. ಶಾಲು ಹೊದಿಸಿಕೊಳ್ಳಲಿಲ್ಲ. ಮೈಕ್ ಕೇಳಿ ತೆಗೆದುಕೊಂಡು ನಡೆದದ್ದನ್ನು ಹೇಳಿದೆ. ಹಾಡು ಕಟ್ಟಿದವರು ಇಲ್ಲೇ ಇದ್ದಾರೆ ಅಂತ ಶಾಂತವ್ವನವರನ್ನು ಮೇಲೆ ಕರೆದೆ. ಅವರು ಚಪ್ಪಲಿ ಕೆಳಗೆ ಬಿಟ್ಟು ಬಂದರು.

"ಹಾಡು ನಂದದ. ಢೋಲಕ್ ನನ್ನ ತಮ್ಮಂದು. ಅಂವ ತೀರಿಕೊಂಡು ಎರಡು ವರ್ಷ ಆತು. ನನ್ನ ಕೇಳಲಾರದ ಅವನ ಕೈಲೆ ಬಾರ್ಸಬ್ಯಾಡ್ರಿ," ಎಂದರು. ಅಷ್ಟೇ.

ಸೊಸೆ ತಲೆ ತಗ್ಗಿಸಿದರು. ಅಧ್ಯಕ್ಷರು ಮಾತ್ರ ನಗುನಗುತ್ತ ಮೈಕ್ ತೆಗೆದುಕೊಂಡರು. "ಸಣ್ಣದೊಂದು ಟೆಕ್ನಿಕಲ್ ಪ್ರಾಬ್ಲಮ್ ಆಗಿದೆ," ಎಂದು ನನಗೆ ತಂದಿದ್ದ ಶಾಲನ್ನೇ ಶಾಂತವ್ವನವರಿಗೆ ಹೊದಿಸಲು ಹೋದರು. (ಮನುಷ್ಯರನ್ನು ಹೊರಗಿಡುವುದು ಯಾವಾಗಿನಿಂದ ಟೆಕ್ನಿಕಲ್ ಪ್ರಾಬ್ಲಮ್ ಆಯಿತು?)

"ಶಾಲು ಬ್ಯಾಡ್ರಿ ಸಾಹೇಬ್ರ. ನನ್ನ ಹೆಸರು ಹೇಳಸ್ರಿ," ಎಂದರು ಶಾಂತವ್ವ.

ಹೇಳಿಸಲಿಲ್ಲ. ನಿರೂಪಕಿ ಮುಂದಿನ ಡ್ಯಾನ್ಸಿಗೆ ಮಕ್ಕಳನ್ನು ಕರೆದಳು.

ಮರುದಿನ ಶಾಲೆಯ ವಿಡಿಯೋ ವಾಟ್ಸಾಪಿನಲ್ಲಿ ಬಂತು. ಸೊಸೆಯ ಹಾಡಿತ್ತು, ಚಪ್ಪಾಳೆ ಇತ್ತು. ಶಾಂತವ್ವ ಆಡಿದ ಮಾತು ಒಂದೂ ಇರಲಿಲ್ಲ. ವಿಡಿಯೋ ತೆಗೆಯಿರಿ ಅಂತ ಮಾಸ್ತರರಿಗೆ ಮೆಸೇಜ್ ಹಾಕಿದೆ. ನೋಡಿದ್ದಾರೆ. ಉತ್ತರವಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಟ್ರ್ಯಾಕ್ ಅಳಿಸಿದೆ. ಏನು ಬಂತು? ಅದು ಆಗಲೇ ಎಷ್ಟು ಮೊಬೈಲಿಗೆ ಹೋಗಿದೆಯೋ.

ಭಾನುವಾರ ಶಾಂತವ್ವನವರ ಮನೆಗೆ ಹೋಗಿ ತಪ್ಪಾಯಿತು ಎಂದೆ. "ಇರ್ಲಿ ಬಿಡ್ರಿ" ಅಂತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಕುಡಿಯಲು ನೀರು ಕೊಟ್ಟು, ಎದುರಿಗೆ ಕೂತು, "ಇನ್ನ ಮ್ಯಾಲ ಕೇಳಿ ಮಾಡ್ರಿ," ಎಂದರು.

ಕೇಳುತ್ತಿದ್ದೇನೆ. ಹೆಸರು ಕೇಳುತ್ತೇನೆ, ಊರು ಕೇಳುತ್ತೇನೆ, ಹಾಡಿದವರ ನಂಬರ್ ಕೇಳುತ್ತೇನೆ. "ಮೇಡಮ್ಮಿಗಿ ಸೊಕ್ಕು ಬಂದದ" ಅನ್ನುತ್ತಾರಂತೆ. ಫೋನುಗಳೂ ಕಡಿಮೆಯಾಗಿವೆ. ಆಗಲಿ. ಆದರೂ ಫೋನ್ ಮಾಡುವವರಿಗೆಲ್ಲ ನನ್ನದೊಂದೇ ಪ್ರಶ್ನೆ.

ಹಾಡಿದವರು ಒಂದು ಬಸ್ಸು ಹತ್ತಿದರೆ ಬರುವಷ್ಟು ಹತ್ತಿರ ಇರುವಾಗ, ನಿಮಗೆ ಅವರಿಲ್ಲದ ಹಾಡೇ ಯಾಕೆ ಬೇಕು?