ಸರ್ವೆಯವರ ರಬ್ಬರು

ದೇಶದಲ್ಲಿ ಎಷ್ಟು ಜನಕ್ಕೆ ಕೆಲಸವಿಲ್ಲ ಎಂದು ಲೆಕ್ಕ ಹಾಕಲು ಎಂಬತ್ತರ ದಶಕದಲ್ಲಿ ವಿಜಯನಗರದ ನಮ್ಮ ಬೀದಿಗೆ ಬರುತ್ತಿದ್ದ ಸರ್ವೆಯವರ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವರ ಬರೆಯುವ ರಟ್ಟಿಗೆ ದಾರದಲ್ಲಿ ಒಂದು ರಬ್ಬರು ಕಟ್ಟಿರುತ್ತಿತ್ತು. ಫಾರಂ ತುಂಬುವವರೆಗೆ ಕೊಟ್ಟ ಕಾಫಿ ಮುಟ್ಟುತ್ತಿರಲಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರಿಸಿದರೆ ಅವರದು ಒಂದೇ ಮಾತು: "ಅವರ ಬಾಯಲ್ಲೇ ಕೇಳ್ಬಿಡೋಣ ಸಾರ್."

ನಮ್ಮ ಮನೆಗೆ ಬಂದಾಗ ಅಪ್ಪ ನನ್ನನ್ನು ತೋರಿಸಿ, "ಇವಳದೇನಿದೆ? ಮನೇಲಿರ್ತಾಳೆ, ಗಂಡು ನೋಡ್ತಾ ಇದೀವಿ. ಮನೆಗೆಲಸ ಅಂತ ಬರ್ಕೊಳಿ" ಎಂದರು. ಸರ್ವೆಯವರು ಪೆನ್ಸಿಲಿನಲ್ಲಿ ಹಾಗೇ ಬರೆದರು. ಆಮೇಲೆ ತಲೆಯೆತ್ತಿ, "ಅವರ ಬಾಯಲ್ಲೇ ಕೇಳ್ಬಿಡೋಣ ಸಾರ್" ಎಂದು ನನ್ನ ಕಡೆ ತಿರುಗಿದರು. "ಹೋದ ವಾರ ಕೆಲಸ ಏನಾದ್ರೂ ಹುಡುಕಿದ್ರೇನಮ್ಮ?"

ನಾನು ಅಪ್ಪನ ಕಡೆ ನೋಡದೆ, "ಹುಡುಕಿದೀನಿ ಸಾರ್. ಟೈಪಿಂಗ್ ಸೀನಿಯರ್ ಆಗಿದೆ. ಎರಡು ಆಫೀಸಿಗೆ ಅರ್ಜಿ ಕೊಟ್ಟು ಬಂದಿದೀನಿ" ಎಂದೆ.

"ಯಾವಾಗ್ ಹೋಗಿದ್ದೇ ನೀನು?" ಎಂದು ಅಪ್ಪ ಬಾಯಿಬಿಡುವಷ್ಟರಲ್ಲಿ ಸರ್ವೆಯವರು ಬರೆದದ್ದನ್ನು ಉಜ್ಜಿ ಅಳಿಸಿ, ಪುಡಿಯನ್ನು ಊದಿ, "ನಿರುದ್ಯೋಗಿ, ಕೆಲಸ ಹುಡುಕುತ್ತಿದ್ದಾರೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆದರು. ಆಮೇಲೆ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ನಿರುದ್ಯೋಗಿ ಎನ್ನಿಸಿಕೊಂಡು ಅವತ್ತು ನನ್ನಷ್ಟು ಬೀಗಿದವರು ಇಡೀ ದೇಶದಲ್ಲಿ ಇನ್ನೊಬ್ಬರಿರಲಾರರು.