ಪಾರಿಶ್ವಾಡಕ್ಕೆ ಒಯ್ದ ಶೇಂಗಾ ಉಂಡೆ

ಬೆಳಿಗ್ಗೆ ಏಳೂವರೆಗೆ ಬೆಳಗಾವಿ ಬಿಟ್ಟೆ. ಕೈಯಲ್ಲಿ ರೋಗಿಯ ಕಫ ತರಲು ಮಂಜುಗಡ್ಡೆಯ ಡಬ್ಬಿ, ಚೀಲದಲ್ಲಿ ಹಿಂದಿನ ದಿನ ರವಿವಾರ ಪೇಟೆಯಲ್ಲಿ ಕೊಂಡ ಒಂದು ಕಿಲೋ ಶೇಂಗಾ ಉಂಡೆ. ರೋಗಿಯ ಮನೆಗೆ ಕೈ ಬೀಸಿಕೊಂಡು ಹೋಗಬಾರದೆಂದು ನಮ್ಮವ್ವ ಕಲಿಸಿದ್ದಾಳೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ಪುಣ್ಯ ಮಾಡಿದವರಿಗೆ. ಮಚ್ಛೆಯಲ್ಲಿ ಕಾರ್ಖಾನೆಯವರು ಇಳಿದ ಮೇಲೆಯೇ ಕುಳಿತೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಖಾನಾಪುರ ಮುಟ್ಟಲು ಒಂದೂಕಾಲು ಗಂಟೆ ಹಿಡಿಯಿತು.

ನಾನು ಕ್ಷಯದ ರೋಗಾಣುವಿನ ಪ್ರೋಟೀನುಗಳನ್ನು ಅಭ್ಯಾಸ ಮಾಡುವವಳು. ಅವುಗಳಲ್ಲಿ ಕೆಲವಕ್ಕೆ ಸಕ್ಕರೆಯ ಅಣುಗಳು ಅಂಟಿಕೊಂಡಿರುತ್ತವೆ. ರೋಗಾಣು ನಮ್ಮ ಶ್ವಾಸಕೋಶದ ಜೀವಕೋಶಗಳಿಗೆ ಅಂಟಿ ಒಳಹೋಗಲು ಅವು ನೆರವಾಗುತ್ತವೆ. ಮೂರು ತಿಂಗಳ ಹಿಂದೆ ಪಾರಿಶ್ವಾಡದ ನೀಲವ್ವನ ಕಫ ತರಲು ಹೋದಾಗ ಅವಳ ಗಂಡ ಬಸಪ್ಪ, "ಇದನ್ನ ಒಯ್ದು ಏನ್ ಮಾಡ್ತೀರಿ?" ಎಂದು ಕೇಳಿದ್ದ. ಅವರ ಮನೆಯ ಚಹಾ ಕುಡಿಯುತ್ತ, ದೊಡ್ಡ ಜಾಣೆಯಂತೆ, "ಈ ಹುಳ ಮೈಗೆ ಸಕ್ಕರಿ ಹಚ್ಚಿಕೊಂಡು ಒಳಗ ಹೊಗತೈತಿ" ಎಂದಿದ್ದೆ. ಅಷ್ಟು ಹೇಳಿ ಬಸ್ಸು ಹಿಡಿದಿದ್ದೆ.

ಖಾನಾಪುರದಲ್ಲಿ ಬಸ್ಸು ಬದಲಿಸಿದೆ. ಬಾಜೂ ಕುಳಿತ ಮುದುಕಿ ಡಬ್ಬಿ ತಟ್ಟಿ, "ಐಸ್‌ಕ್ರೀಮ್ ಏನವಾ?" ಎಂದಳು. ಕಫದ್ದೆಂದು ಹೇಳಿದೊಡನೆ ಮುಂದಿನ ಸೀಟಿಗೆ ಎದ್ದುಹೋದಳು. ನನಗೆ ನಗು ಬಂತು. ಆ ದಿನದ ನಗು ಅದೊಂದೇ.

ಪಾರಿಶ್ವಾಡದ ಮನೆಯ ಹೊಸ್ತಿಲಲ್ಲಿ ಬಿಸಿಲು ಕಾಯುತ್ತ ಕುಳಿತಿದ್ದವಳನ್ನು ನೀಲವ್ವನ ಅತ್ತೆ ಎಂದುಕೊಂಡೆ. ಅದು ಮೂವತ್ತಾರರ ನೀಲವ್ವನೇ. ಚೀಲದಲ್ಲಿದ್ದ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ: ಮೂವತ್ತು ಕಿಲೋ. ಹಿಂದಿನ ಸಲ ನಲವತ್ತೊಂದಿತ್ತು.

"ಗುಳಿಗಿ ಒಂದೂ ತಪ್ಪಿಸಿಲ್ರಿ," ಎಂದ ಬಸಪ್ಪ ಖಾಲಿ ಪಾಕೀಟುಗಳನ್ನು ದಾರಕ್ಕೆ ಪೋಣಿಸಿಟ್ಟಿದ್ದನ್ನು ತೋರಿಸಿದ. "ಪಥ್ಯಾನೂ ಬರೋಬ್ಬರಿ ಮಾಡಿಸೇನಿ. ಸಕ್ಕರಿ, ಬೆಲ್ಲ ನೀವು ಹೇಳಿದ ದಿನಾನ ಬಂದ್. ರೊಟ್ಟಿ, ಅನ್ನಾನೂ ಹೊಟ್ಟ್ಯಾಗ ಸಕ್ಕರಿನ ಆಗ್ತಾವಂತ ಸಾಲಿ ಮಾಸ್ತರು ಅಂದ್ರು. ಅವನ್ನೂ ಕಡಿಮಿ ಮಾಡಿದೆ. ಹುಳ ಉಪವಾಸ ಬಿದ್ದು ಸಾಯ್ಲಿ ಅಂತ. ಗುಳಿಗಿ ಕೊಡಾಕ ಬರೋ ಆಶಾ ಕಾರ್ಯಕರ್ತಿ, ‘ಈಕಿ ಯಾಕ ಹಿಂಗ ಸೊರಗ್ಯಾಳ’ ಅಂತ ಕೇಳಿದ್ರ, ಬೆಳಗಾವಿ ಡಾಕ್ಟರಮ್ಮ ಹೇಳ್ಯಾರ ಅಂದೆ."

ಕ್ಷಯಕ್ಕೆ ಗುಳಿಗೆಯಷ್ಟೇ ಊಟವೂ ಬೇಕು. ರೋಗಾಣು ತನಗೆ ಬೇಕಾದ ಸಕ್ಕರೆಯನ್ನು ತಾನೇ ಕಟ್ಟಿಕೊಳ್ಳುತ್ತದೆ, ನಾವು ತಿನ್ನದಿದ್ದರೆ ಸೊರಗುವವರು ನಾವೇ ಎಂದು ತೊದಲುತ್ತ ಹೇಳಿದೆ. ಉಂಡೆಯ ಒಂದು ಚೂರು ಮುರಿದು ನೀಲವ್ವನ ಮುಂದೆ ಹಿಡಿದೆ.

ಅವಳು ಉಂಡೆಯನ್ನೇ ನೋಡಿದಳು, ಕೈ ಮಾತ್ರ ಚಾಚಲಿಲ್ಲ. "ಬ್ಯಾಡ್ರಿ ಅಕ್ಕಾರ. ಸಂಕ್ರಮಣದಾಗೂ ಎಳ್ಳು ಬೆಲ್ಲ ಮುಟ್ಟಿಲ್ಲ. ಹುಳ ಪೂರಾ ಸಾಯೂತನಕಾ ತಡಕೋತೀನಿ. ಇಷ್ಟು ದಿನಾ ಮಾಡಿದ್ದು ನೀರಾಗ ಹೋಗಬಾರ್ದು."

ಕಫ ತೆಗೆದುಕೊಂಡು, ಬಾಡಿಗೆಯ ಟಂಟಂ ರಿಕ್ಷಾದಲ್ಲಿ ಅವಳನ್ನು ಖಾನಾಪುರದ ಆಸ್ಪತ್ರೆಗೆ ಕರೆತಂದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ಹೆಗಲ ಮೇಲಿತ್ತು; ಅದಕ್ಕೆ ಭಾರವೇ ಇರಲಿಲ್ಲ. ಪರೀಕ್ಷಿಸಿ ಭರ್ತಿ ಮಾಡಿಕೊಂಡ ವೈದ್ಯರು, "ಭಾಳ ತಡಾ ಮಾಡೀರಿ" ಎಂದರು.

ಹೊರಗಿನ ಬೆಂಚಿನ ಮೇಲೆ ಬಸಪ್ಪನಿಗೆ ಹೇಳಿದೆ, "ತಪ್ಪು ನಂದು. ನನ್ನ ಮಾತಿನಿಂದ ಹಿಂಗಾತು."

ಅವನು ನೆಲ ನೋಡುತ್ತ ಕುಳಿತಿದ್ದ. "ನೀವು ಅಂದಿದ್ದು ಬರೇ ಸಕ್ಕರಿ. ಆಕಿ ಗಂಗಾಳದಾಗಿನ ರೊಟ್ಟಿ ತಗದಾಂವ ನಾನ."

ಉಂಡೆಯ ಪೊಟ್ಟಣವನ್ನು ಅವನ ಬಾಜೂ ಇಟ್ಟು ಸಂಜೆಯ ಬಸ್ಸು ಹತ್ತಿದೆ. ಹೋಗುವಾಗ ಬರೀ ಮಂಜುಗಡ್ಡೆಯಿದ್ದ ಡಬ್ಬಿಯಲ್ಲಿ ಈಗ ನೀಲವ್ವನ ಕಫವಿತ್ತು. ಬೆಳಗಾವಿಯವರೆಗೂ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕುಳಿತಿದ್ದೆ.

ಮರುದಿನ ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ಒಂದು ರೋಗಾಣುವೂ ಕಾಣಲಿಲ್ಲ. ಬಸಪ್ಪನಿಗೆ ಫೋನ್ ಮಾಡಿದೆ. "ಕಫದಾಗ ಹುಳ ಇಲ್ರಿ. ಗುಳಿಗಿ ಕೆಲಸ ಮಾಡ್ಯಾವ."

"ನಿನ್ನಿನ ಹೇಳಿದ್ರ ಚಲೋ ಇತ್ರಿ," ಎಂದ. "ನಸುಕಿನ್ಯಾಗ ಹೋದ್ಳು. ಅಲ್ಲೀತನಕಾ ಅದನ್ನ ಕೇಳಾಕತ್ತಿದ್ಳು, ಉಂಡಿ ಯಾವಾಗ ತಿನ್ನಬೇಕು ಅಂತ."