ಭಾವನ ಆಂಟೆನಾ, ಟೈಲರನ ಮತ

ನಮ್ಮ ಭಾವ ಲಿಫ್ಟ್ ಮೆಕ್ಯಾನಿಕ್. ತಾವೇ ರಿಪೇರಿ ಮಾಡದ ಲಿಫ್ಟಿಗೆ ಕಾಲಿಡದೆ ಮೆಟ್ಟಿಲು ಹತ್ತುವ ಆಸಾಮಿ. ಅವರಿಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಘದ ಮೇಲೆ. ಇಪ್ಪತ್ತೆರಡು ವರ್ಷದಿಂದ ಅದರ ಸದಸ್ಯರು. ಕೆಲಸ ಮುಗಿಸಿ ಬಂದು ಹಿಂದಿನ ಕೋಣೆಯಲ್ಲಿ ಮೈಕ್ ಹಿಡಿದು, ಮುಖ ನೋಡದ ಜನರ ಜೊತೆ ಹರಟುವುದೇ ಅವರ ಸುಖ. ಅಕ್ಕ ಎಷ್ಟು ಬೈದರೂ ಕಿವಿಗೆ ಹಾಕಿಕೊಂಡವರಲ್ಲ.

"ಈ ಸಂಘ ನಮಗೆ ಏನ್ ಮಾಡಿದೆ ಹೇಳು? ವರ್ಷಕ್ಕೊಂದು ಪತ್ರಿಕೆ. ಅದ್ರಲ್ಲಿ ಕಾರ್ಯದರ್ಶಿ ಫೋಟೊ ಒಂಬತ್ತು" ಎನ್ನುತ್ತಿದ್ದರು.

ಈ ವರ್ಷ ಅದೇ ಸಂಘದ ಬಾಗಿಲು ತಟ್ಟಬೇಕಾಯಿತು. ತಾರಸಿಯ ಆಂಟೆನಾದಿಂದ ತಲೆನೋವು ಬರುತ್ತದೆ ಎಂದು ಮೇಲಿನ ಮನೆಯವರು ತಕರಾರು ತೆಗೆದರು. ಅದು ನಿಯಮದಂತೆಯೇ ಇದೆ ಎಂಬ ಸಂಘದ ಪತ್ರವನ್ನು ಶನಿವಾರದೊಳಗೆ ತರದಿದ್ದರೆ ಆಂಟೆನಾ ಕಂಬ ಇಳಿಸಬೇಕು ಎಂದು ಕಟ್ಟಡದ ಮಾಲೀಕರು ಗಡುವು ಕೊಟ್ಟರು. ಭಾವ ಮೂರು ಕಾಗದ ಬರೆದರು. ಉತ್ತರವಿಲ್ಲ.

"ಬೇಕಂತ್ಲೇ ಮಾಡ್ತಿದಾರೆ. ಹೋದ ಸಲ ಸಭೇಲಿ ನಾನು ಎದ್ದು ಪ್ರಶ್ನೆ ಕೇಳಿದ್ನಲ್ಲ, ಅದಕ್ಕೆ."

ಶುಕ್ರವಾರ ನನ್ನನ್ನೂ ಎಳೆದುಕೊಂಡು ಸಂಘದ ಕಚೇರಿಗೆ ಹೋದರು. ಕಾರ್ಯದರ್ಶಿ ನಗುನಗುತ್ತ ಕೂರಿಸಿದರು. ಚುನಾವಣೆಯ ಗಡಿಬಿಡಿ, ಪತ್ರಕ್ಕೆ ಸಮಿತಿ ಸೇರಬೇಕು, ಮುಂದಿನ ತಿಂಗಳು ನೋಡೋಣ ಎಂದರು. ಮೇಜಿನ ಮೇಲೆ ಅಂಚೆಯಲ್ಲಿ ಬಂದ ಮತಪತ್ರಗಳ ಕಟ್ಟಿತ್ತು. ಒಂದೊಂದರ ಮೇಲೂ ಸದಸ್ಯರ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಗುವ ಗುರುತಿನ ಅಕ್ಷರಗಳು. ರೇಡಿಯೊದವರಿಗೆ ಅದೇ ಹೆಸರು, ಅದೇ ಮುಖ; ತಲೆಕೆಳಗಾಗಿ ಇಟ್ಟರೂ ಓದುತ್ತಾರೆ. ಭಾವನ ಕಣ್ಣು ಮೇಲಿನ ಹಾಳೆಯಲ್ಲಿ ನಾಟಿತು.

"ಇದು ನಮ್ಮ ಟೈಲರ್‌ದು. ಅವನು ಹೋಗಿ ಎರಡು ವರ್ಷ ಆಯ್ತಲ್ಲ ಸ್ವಾಮಿ! ಮಣ್ಣಿಗೆ ನಾನೇ ಹೋಗಿದ್ದೆ. ಇದಕ್ಕೆ ಯಾವಾಗ ಸೈನ್ ಹಾಕ್ದ?"

ಭಾವನಿಗೆ ರೇಡಿಯೊ ಹುಚ್ಚು ಹಿಡಿಸಿದವನೇ ಆ ಟೈಲರ್. ಮೊದಲ ಸೆಟ್ಟನ್ನು ಜೋಡಿಸಿಕೊಟ್ಟವನೂ ಅವನೇ.

ಕಾರ್ಯದರ್ಶಿಯ ನಗು ಇಂಗಿತು. ಲೆಟರ್‌ಹೆಡ್ ಎಳೆದುಕೊಂಡು ನಮಗೆ ಬೇಕಿದ್ದ ಪತ್ರ ಬರೆದು, ಸೀಲು ಒತ್ತಿ, ಮುಂದೆ ನೂಕಿದರು. ಸಮಿತಿಯ ಸುದ್ದಿಯೇ ಇಲ್ಲ. ಮತಪತ್ರಗಳು ಡ್ರಾಯರ್ ಸೇರಿದವು. ಭಾವ ಈಗ ಹಾರಾಡುತ್ತಾರೆ ಎಂದು ಕಾದೆ. ಅವರು ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಅಲ್ಲಾ ಭಾವ, ಸುಮ್ನೆ ಬಂದ್ಬಿಟ್ರಲ್ಲ?" ಮೆಟ್ಟಿಲಿಳಿಯುತ್ತ ಕೇಳಿದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ನೀನು ಏನೂ ನೋಡಿಲ್ಲ."

ಕಂಬ ಉಳಿಯಿತು. ಭಾನುವಾರ ದೂರದ ಊರಿನ ಹೊಸಬನೊಬ್ಬ ರೇಡಿಯೊದಲ್ಲಿ ಸಿಕ್ಕಿ ಕೇಳಿದ: "ಸಂಘಕ್ಕೆ ಸೇರ್ಬೇಕು ಅಂತಿದೀನಿ ಸರ್. ನಂಬಬಹುದಾ?"

ಭಾವ ನನ್ನ ಕಡೆ ನೋಡಲಿಲ್ಲ. ಮೈಕಿನ ಗುಂಡಿ ಒತ್ತಿ, "ಒಳ್ಳೆ ಜನ. ನಂಗೆ ನಿಂತ ಕಾಲಲ್ಲೇ ಪತ್ರ ಕೊಟ್ರು" ಎಂದರು.

ಆ ಕಡೆಯವನು ನಂಬಿದ.